ಬೆರಳು ತೆಗೆದ್ರೂ ನಿಲ್ಲದ ನಾದ: ಹಳೇ ಪಿಯಾನೋದ ಡ್ಯಾಂಪರ್ ಬಗ್ಗೆ ಓದುಗರ ಪ್ರಶ್ನೆಗಳು

ಪ್ರಶ್ನೆ: ನಮ್ಮ ಮನೆಯಲ್ಲಿ ಅಜ್ಜನ ಕಾಲದ ಒಂದು ಅಪ್‌ರೈಟ್ ಪಿಯಾನೋ ಉಂಟು, ಮಂಗಳೂರಲ್ಲಿ ಯಾರೋ ಮನೆ ಖಾಲಿ ಮಾಡುವಾಗ ತಗೊಂಡದ್ದಂತೆ. ಮಗಳು ಎರಡು ವರ್ಷದಿಂದ ಅದರಲ್ಲೇ ಕಲೀತಿದ್ದಾಳೆ. ಈ ಸಲ ಆಟಿ ತಿಂಗಳಲ್ಲಿ ಬಿಡದೆ ಮಳೆ ಹೊಡೆದ ಮೇಲೆ ನಡುವಿನ ಹತ್ತು ಹನ್ನೆರಡು ಕೀಗಳಲ್ಲಿ ಬೆರಳು ತೆಗೆದ್ರೂ ಸದ್ದು ನಿಲ್ಲೋದಿಲ್ಲ, ಒಂದರ ಮೇಲೊಂದು ಸೇರಿ ಗುಂಯ್ ಅಂತ ಗದ್ದಲ ಆಗ್ತದೆ. ನೋಡ್ಲಿಕ್ಕೆ ಬಂದ ಒಬ್ರು ಡ್ಯಾಂಪರ್ ಫೆಲ್ಟ್ ಎಲ್ಲ ಹೋಗಿದೆ, ಪೂರ್ತಿ ಸೆಟ್ ಬದಲಿಸ್ಬೇಕು ಅಂತ ದೊಡ್ಡ ಮೊತ್ತ ಹೇಳಿದ್ರು. ಪಕ್ಕದ ಮನೆಯವರು ನಾಲ್ಕು ಹನಿ ತೆಂಗಿನೆಣ್ಣೆ ಬಿಟ್ರೆ ಸಾಕು ಅಂತಾರೆ. ಎರಡಕ್ಕೂ ಧೈರ್ಯ ಬರ್ಲಿಲ್ಲ. ಎಂತ ಮಾಡುದು?
(ಒಬ್ಬ ಓದುಗರು, ನೀರ್ಚಾಲು)

ಉತ್ತರ: ಎಣ್ಣೆ ಬಿಡದೆ ಕೈ ತಡೆದ್ರಲ್ಲ, ಅದು ಆ ಪಿಯಾನೋಗೆ ನೀವು ಮಾಡಿದ ದೊಡ್ಡ ಉಪಕಾರ. ಫೆಲ್ಟ್ ಸೆಟ್‌ಗೆ ದುಡ್ಡು ಕೊಡದೆ ನಿಂತದ್ದೂ ಒಳ್ಳೇದೇ ಆಯ್ತು, ಯಾಕಂದ್ರೆ ಅರ್ಧ ಉತ್ತರ ನಿಮ್ಮ ಪತ್ರದಲ್ಲೇ ಉಂಟು, ಆಟಿಯಲ್ಲಿ ಶುರುವಾದದ್ದು ಅಂತ ಬರ್ದಿದ್ದೀರಿ. ಫೆಲ್ಟ್ ಅಂದ್ರೆ ಉಣ್ಣೆ, ಅದು ಬಡಿಸ್ಕೊಂಡು ಬಡಿಸ್ಕೊಂಡು ಗಟ್ಟಿಯಾಗ್ಲಿಕ್ಕೆ ಎಷ್ಟೋ ವರ್ಷ ಬೇಕು, 15 ದಿನದ ಮಳೆಗೆ ಹತ್ತು ಕೀಯ ಫೆಲ್ಟ್ ಒಟ್ಟಿಗೆ ಹಾಳಾಗೋದಿಲ್ಲ. 15 ದಿನದಲ್ಲಿ ಕೈಕೊಡೋದು ಜಾಯಿಂಟ್, ಅಂದ್ರೆ ಡ್ಯಾಂಪರ್ ತಿರುಗುವ ಕೀಲು. ನಾನು ಈ ಕೆಲಸದಲ್ಲಿ ಕಂಡದ್ದರಲ್ಲಿ ನಮ್ಮ ಕಡೆ, ಅಂದ್ರೆ ತಲಪಾಡಿಯಿಂದ ಚಂದ್ರಗಿರಿ ಹೊಳೆವರೆಗೆ ಅಂತ ಇಟ್ಕೊಳ್ಳಿ, ಡ್ಯಾಂಪರ್ ಕಂಪ್ಲೇಂಟ್ ಅಂತ ಬರೋದ್ರಲ್ಲಿ ಹೆಚ್ಚಿನವು ಜಾಯಿಂಟಿನವೇ, ಆದ್ರೆ ಕಣ್ಣಿಗೆ ಕಾಣೋದು ಫೆಲ್ಟ್ ಆದ ಕಾರಣ ಎಲ್ರೂ ಮೊದ್ಲು ಅದಕ್ಕೇ ಕೈ ಹಾಕ್ತಾರೆ.

ಡ್ಯಾಂಪರ್ ಮಾಡುವ ಕೆಲಸ ನಮಗೆ ಹೊಸದಲ್ಲ. ಭಾಗವತರು ಜಾಗಟೆ ಬಡಿದು ಬೆರಳಲ್ಲಿ ಒತ್ತಿ ಹಿಡಿದ ಕೂಡ್ಲೇ ನಾದ ನಿಲ್ತದಲ್ಲ, ಅದೇ. ಪಿಯಾನೋದಲ್ಲಿ ಆ ಬೆರಳಿನ ಬದ್ಲು ಒಂದು ಸಣ್ಣ ಮರದ ತುಂಡಿಗೆ ಅಂಟಿಸಿದ ಫೆಲ್ಟ್ ಉಂಟು, ಒಂದು ಸಣ್ಣ ಸ್ಪ್ರಿಂಗ್ ಅದನ್ನ ಯಾವಾಗ್ಲೂ ತಂತಿಗೆ ಒತ್ತಿ ಹಿಡ್ದಿರ್ತದೆ. ನೀವು ಕೀ ಒತ್ತಿದಾಗ ಅದರ ಹಿಂದಿನ ತುದಿ ಮೇಲೆ ಹೋಗಿ ವಿಪ್ಪೆನ್ ಅನ್ನುವ ಮರದ ಭಾಗವನ್ನ ಎತ್ತುತ್ತದೆ, ಆ ವಿಪ್ಪೆನಿನ ಹಿಂಬದಿಯಲ್ಲಿ ಲೋಹದ ಒಂದು ಚಮಚ ಉಂಟು (ಹೆಸರೂ ಸ್ಪೂನ್ ಅಂತಲೇ, ನೋಡ್ಲಿಕ್ಕೂ ಉಪ್ಪಿನ ಚಮಚದ ಹಾಗೇ), ಅದು ಡ್ಯಾಂಪರ್ ಲಿವರಿನ (ಫೆಲ್ಟಿನ ತಲೆಯನ್ನ ಹೊತ್ತ ಮರದ ಕೋಲಿನ) ಕಾಲನ್ನ ಹಿಂದೆ ತಳ್ಳಿದಾಗ ತಲೆ ತಂತಿ ಬಿಟ್ಟು ಮುಂದೆ ಬರ್ತದೆ, ಸುತ್ತಿಗೆ ಹೊಡೀತದೆ, ತಂತಿ ಹಾಡ್ತದೆ. ಬೆರಳು ತೆಗೆದ್ರೆ ಎಲ್ಲ ತಿರುಗಿ ಜಾಗಕ್ಕೆ. ಬಲಗಾಲಿನ ಪೆಡಲ್ ಒತ್ತಿದ್ರೆ ಹಿಂದೆ ಅಡ್ಡಕ್ಕೆ ಇರುವ ಒಂದು ಉದ್ದ ಕಂಬಿ ತಿರುಗಿ ಅಷ್ಟೂ ಡ್ಯಾಂಪರನ್ನ ಒಂದೇ ಸಲ ಬಿಡಿಸ್ತದೆ.

ಈಗ ನೀವೇ ನೋಡ್ಬಹುದು, ಹತಾರು ಬೇಡ. ಮೇಲಿನ ಮುಚ್ಚಳ ಎತ್ತಿ, ಒಳಗೆ ಎರಡು ಬದಿಯಲ್ಲಿ ತಿರುಗಿಸುವ ಚಿಲಕ ಇರ್ತದೆ, ಅದನ್ನ ಬಿಡಿಸಿದ್ರೆ ಮುಂದಿನ ಹಲಗೆ ಕೈಗೆ ಬರ್ತದೆ. ಸುತ್ತಿಗೆಗಳ ಸಾಲು ಎದುರಿಗೆ, ಅವುಗಳ ಹಿಂದೆ ಸ್ವಲ್ಪ ಕೆಳಗೆ ಡ್ಯಾಂಪರ್ ಸಾಲು, ಟಾರ್ಚ್ ಹಾಕಿ ನೋಡಿ. ನಿಲ್ಲದ ಕೀ ಒಂದನ್ನ ಒತ್ತಿ ಬಿಡಿ. ಮೊದ್ಲು ನೋಡ್ಬೇಕಾದ್ದು ಡ್ಯಾಂಪರನ್ನಲ್ಲ, ಕೀಯನ್ನ: ಅದು ಪೂರ್ತಿ ಮೇಲೆ ಬಂತಾ? ಕೀಯ ಅಡಿಯಲ್ಲಿ ಪಿನ್ ಹೋಗುವ ತೂತಿಗೂ ಬಟ್ಟೆ ಹಾಕಿರ್ತಾರೆ, ಮಳೆಗೆ ಅದು ಉಬ್ಬಿ ಕೀ ಅರ್ಧದಲ್ಲೇ ನಿಂತ್ರೆ ಸ್ಪೂನ್ ಡ್ಯಾಂಪರನ್ನ ಬಿಡೋದೇ ಇಲ್ಲ, ಆಗ ಡ್ಯಾಂಪರಿನ ತಪ್ಪು ಏನೂ ಇಲ್ಲ. ಕೀ ಸರಿಯಾಗಿ ಬಂದಿದೆ, ಆದ್ರೂ ನಾದ ಹೋಗ್ತಿದೆ ಅಂದ್ರೆ, ಪೆನ್ಸಿಲಿನ ಹಿಂದಿನ ತುದಿಯಲ್ಲಿ ಆ ಡ್ಯಾಂಪರ್ ತಲೆಯನ್ನ ಮೆಲ್ಲ ತಂತಿಯ ಕಡೆ ದೂಡಿ. ದೂಡಿದ ಕೂಡ್ಲೇ ಸದ್ದು ನಿಂತ್ರೆ ಫೆಲ್ಟ್ ಚೆನ್ನಾಗೇ ಉಂಟು, ಅದನ್ನ ತಂತಿಗೆ ತಲುಪಿಸ್ಲಿಕ್ಕೆ ಸ್ಪ್ರಿಂಗಿಗೆ ಆಗ್ತಾ ಇಲ್ಲ ಅಷ್ಟೇ, ಅಂದ್ರೆ ಸ್ಪ್ರಿಂಗ್ ತುಂಡಾಗಿದೆ ಇಲ್ಲಾ ಜಾಗ ತಪ್ಪಿದೆ ಇಲ್ಲಾ ಜಾಯಿಂಟ್ ಬಿಗಿದಿದೆ. ದೂಡಿ ಒತ್ತಿ ಹಿಡಿದ್ರೂ ಸದ್ದು ಹೋಗ್ತಾನೇ ಇದ್ರೆ ಮಾತ್ರ ಫೆಲ್ಟಿನ ಮೇಲೆ ಸಂಶಯ ಪಡಿ. ಈ ಪೆನ್ಸಿಲ್ ಪರೀಕ್ಷೆ ಎರಡು ನಿಮಿಷದ್ದು, ಇದನ್ನ ಮಾಡದೆ ಯಾರಾದ್ರೂ ಪೂರ್ತಿ ಸೆಟ್ ಅಂದ್ರೆ ಒಪ್ಪಬೇಡಿ. ಇನ್ನೊಂದು, ನಿಮಗೆ ಹತ್ತು ಹನ್ನೆರಡು ಕೀ ಮಾತ್ರ ಅಂದ್ರಿ, ಒಂದು ವೇಳೆ ಎಲ್ಲಾ ಕೀಗಳೂ ಒಟ್ಟಿಗೆ ಹಾಗೆ ಮಾಡಿದ್ರೆ ಪೆಡಲಿನ ಸರಳು ಬಿಗಿಯಾಗಿ ಅಷ್ಟನ್ನೂ ಎತ್ತಿ ಹಿಡಿದಿದೆ ಅಂತ ಅರ್ಥ, ಕೆಳಗಿನ ಹಲಗೆ ತೆಗೆದು ಅಲ್ಲಿಯ ನಟ್ಟು ಸ್ವಲ್ಪ ಸಡಿಲಿಸಿ ಪೆಡಲಿಗೆ ಐದಾರು ಮಿಲಿಮೀಟರ್ ಖಾಲಿ ಓಡಾಟ ಕೊಟ್ರೆ ಮುಗೀತು.

ಜಾಯಿಂಟ್ ಅಂತ ಹೇಳ್ತಾ ಇದ್ದೇನಲ್ಲ, ಅದು ಎಷ್ಟು ಸಣ್ಣದು ಅಂತ ಒಮ್ಮೆ ಕೈಯಲ್ಲಿ ಹಿಡ್ದು ನೋಡ್ಬೇಕು. ಡ್ಯಾಂಪರ್ ಲಿವರ್ ಒಂದು ಮರದ ಕವಲಿನಲ್ಲಿ, ಅದಕ್ಕೆ ಫ್ಲ್ಯಾಂಜ್ ಅಂತಾರೆ, ಕೂತಿರ್ತದೆ, ಇವೆರಡನ್ನ ಸೇರಿಸೋದು ಒಂದು ಪಿನ್, ದಪ್ಪ ಸುಮಾರು 1.27 ಮಿಲಿಮೀಟರ್, ಹೊಲಿಗೆ ಸೂಜಿಗಿಂತ ಸ್ವಲ್ಪ ದಪ್ಪ ಅಷ್ಟೇ. ಆ ಪಿನ್ ಮರಕ್ಕೆ ನೇರ ತಾಗೋದಿಲ್ಲ, ಫ್ಲ್ಯಾಂಜಿನ ಎರಡೂ ತೂತಿನ ಒಳಗೆ ತೆಳ್ಳಗಿನ ಉಣ್ಣೆಬಟ್ಟೆಯ ತೋಳು ಹಾಕಿರ್ತಾರೆ, ಪಿನ್ ತಿರುಗೋದು ಆ ಬಟ್ಟೆಯ ಮೇಲೆ. ಬಟ್ಟೆ ನೀರಾವಿ ಹೀರಿದ್ರೆ ಉಬ್ಬಿ ಪಿನ್ನನ್ನ ಕಚ್ಚಿ ಹಿಡೀತದೆ. ನಮ್ಮಲ್ಲಿ ವರ್ಷಕ್ಕೆ 3000 ಮಿಲಿಮೀಟರ್ ದಾಟಿ ಮಳೆ ಬೀಳ್ತದೆ, ಜೂನಿಂದ ಸೆಪ್ಟೆಂಬರ್ ತನಕ ಕಪಾಟಿನ ಚಪ್ಪಲಿಗೇ ಬೂಷ್ಟು ಹಿಡಿಯುವಾಗ ಈ ಬಟ್ಟೆ ಸುಮ್ಮನೆ ಇರ್ತದಾ?

ಇದು ನಾನು ಪೆಟ್ಟು ತಿಂದು ಕಲಿತದ್ದು. ಶುರುವಿನ ವರ್ಷಗಳಲ್ಲಿ ಬದಿಯಡ್ಕ ಕಡೆಯ ಒಂದು ಮನೆಯಲ್ಲಿ ಇಂಥದ್ದೇ ಕೇಸ್, ನಾನೂ ಫೆಲ್ಟನ್ನೇ ನೋಡಿದೆ, ಹಳದಿಯಾಗಿತ್ತು, ತಂತಿಯ ಗೆರೆ ಬಿದ್ದಿತ್ತು, ಹೋಗಿದೆ ಅಂತ ಒಂದು ವಾರ ಕೂತು ಎಲ್ಲಾ ಕಿತ್ತು ಹೊಸದು ಅಂಟಿಸಿ ಬಂದೆ. ಬೇಸಿಗೆ ಪೂರ್ತಿ ಚೆನ್ನಾಗಿತ್ತು, ಮುಂದಿನ ಜುಲೈಯಲ್ಲಿ ಆ ಮನೆಯ ಅಮ್ಮ ಫೋನ್ ಮಾಡಿ ಮೊದಲಿನ ಹಾಗೇ ಆಗಿದೆ ಮಗಾ ಅಂದ್ರು. ಹೋಗಿ ಈ ಸಲ ಒಂದು ಫ್ಲ್ಯಾಂಜ್ ಬಿಚ್ಚಿ ಪಿನ್ ಹೊರಗೆ ದೂಡಿದೆ. ಪಿನ್ನಿನ ಎರಡೂ ತುದಿಯಲ್ಲಿ ಹಸಿರು ಕಿಲುಬು, ಹುಣಸೆಹುಳಿ ಹಾಕಿ ತೊಳೆಯದೆ ವರ್ಷಗಟ್ಲೆ ಮೂಲೆಯಲ್ಲಿಟ್ಟ ದೀಪದ ಕಾಲಿಗೆ ಕಟ್ತದಲ್ಲ, ಅದೇ ಬಣ್ಣ, ಆದ್ರೆ ಮುಟ್ಟಿದ್ರೆ ಮೇಣದ ಹಾಗೆ ಅಂಟು. ಹಿಂದಿನವರು ಜಾಯಿಂಟಿಗೆ ಹಾಕಿದ ಕೊಬ್ಬು, ಮೇಣ ಮತ್ತೆ ಪಿನ್ನಿನ ತಾಮ್ರದ ಅಂಶ ಸೇರಿ ವರ್ಷ ಹೋದ ಹಾಗೆ ಹೀಗಾಗ್ತದೆ. ಸ್ಪ್ರಿಂಗ್ ಪಾಪ ಎಷ್ಟು ಒತ್ತಿದ್ರೂ ಆ ಅಂಟಿನಲ್ಲಿ ಲಿವರ್ ತೆವಳಿಕೊಂಡು ಬರ್ತಿತ್ತು. ಒಳ್ಳೇ ಫೆಲ್ಟ್ ಕಿತ್ತು ಬಿಸಾಡಿದ್ದೆ ನಾನು, ಅದು ಈಗ್ಲೂ ಮನಸ್ಸಲ್ಲಿ ಉಂಟು. ಆ ಮನೆಯ ಪಿನ್ ಕೆಲಸಕ್ಕೆ ದುಡ್ಡು ತಗೊಳ್ಳಿಲ್ಲ.

ಸರಿ, ರಿಪೇರಿಗೆ ಬರುವ. ಬರೇ ತೇವಕ್ಕೆ ಉಬ್ಬಿದ್ದಾದ್ರೆ ಸ್ಪಿರಿಟ್ ಅರ್ಧ ನೀರು ಅರ್ಧ ಬೆರೆಸಿ ಇಂಜೆಕ್ಷನ್ ಸೂಜಿಯಲ್ಲಿ ಜಾಯಿಂಟಿನ ಬಟ್ಟೆಗೆ ಎರಡೂ ಬದಿಗೆ ಒಂದೊಂದೇ ಹನಿ ಬಿಡ್ತಾರೆ, ನೀರಿಗೆ ಬಟ್ಟೆ ಇನ್ನೂ ಉಬ್ಬಿ ತನ್ನನ್ನ ತಾನೇ ಪಿನ್ನಿಗೆ ಒತ್ತಿಕೊಳ್ತದೆ, ಸ್ಪಿರಿಟ್ ಬೇಗ ಒಣಗಿಸ್ತದೆ, ಒಣಗಿದ ಮೇಲೆ ಸ್ವಲ್ಪ ಜಾಗ ಬಿಟ್ಟಿರ್ತದೆ. ಒಂದು ದಿನ ಮುಟ್ಟದೆ ಬಿಟ್ಟು ನೋಡಿ. ಎಷ್ಟೋ ಸಲ ಇದೇ ಸಾಕಾಗ್ತದೆ. ಆದ್ರೆ ಕಿಲುಬು ಇದ್ರೆ ಇದು ತಾತ್ಕಾಲಿಕ, ಎರಡು ವಾರದಲ್ಲಿ ಪುನಃ ಅದೇ ಕತೆ, ಅಲ್ಲಿ ಪಿನ್ ಬದಲಿಸದೆ ಬೇರೆ ದಾರಿ ಇಲ್ಲ.

ಪಿನ್ ಬದಲಿಸ್ಬೇಕಾದ್ರೆ ಆಕ್ಷನ್ ಹೊರಗೆ ಬರ್ಬೇಕು, ಅಂದ್ರೆ ಸುತ್ತಿಗೆ ಡ್ಯಾಂಪರ್ ಎಲ್ಲ ಸೇರಿದ ಆ ಇಡೀ ಯಂತ್ರ, ಯಾಕಂದ್ರೆ ಡ್ಯಾಂಪರ್ ಫ್ಲ್ಯಾಂಜಿನ ಸ್ಕ್ರೂ ಹೆಚ್ಚಿನ ಪಿಯಾನೋಗಳಲ್ಲಿ ಹಿಂಬದಿಗೆ, ತಂತಿಯ ಕಡೆ ಇರ್ತದೆ. ಮೇಲೆ ಮೂರೋ ನಾಲ್ಕೋ ಕಬ್ಬಿಣದ ಬ್ರಾಕೆಟ್, ಅದರ ನಟ್ಟು ಕೈಯಲ್ಲೇ ಬಿಚ್ಚಬಹುದು, ಪೆಡಲಿನ ಸರಳು ಕಳಚಿ, ಮೆಲ್ಲ ನಿಮ್ಮ ಕಡೆ ಬಾಗಿಸಿ ಮೇಲಕ್ಕೆ ಎತ್ತಬೇಕು. ಇಬ್ರು ಬೇಕೇ ಬೇಕು. ಇದನ್ನ ಮೊದಲ ಸಲ ನೀವೇ ಮಾಡಿ ಅಂತ ನಾನು ಹೇಳೋದಿಲ್ಲ, ಗೊತ್ತಿದ್ದವರ ಕೈಯಲ್ಲಿ ಮಾಡಿಸಿ, ನೀವು ಹತ್ರ ನಿಂತು ನೋಡಿ. ಬಿಚ್ಚಿದ ಪ್ರತಿ ಲಿವರಿಗೂ ಪೆನ್ಸಿಲಲ್ಲಿ ನಂಬರ್ ಹಾಕಿದ್ರಾ ಅಂತ ಕೇಳಿ, ಎಲ್ಲವೂ ಒಂದೇ ಥರ ಕಂಡ್ರೂ ಒಂದರ ಜಾಗಕ್ಕೆ ಇನ್ನೊಂದು ಸರಿಯಾಗಿ ಕೂರೋದಿಲ್ಲ, ತಂತಿಯ ಗೆರೆ ಪ್ರತಿ ಫೆಲ್ಟಿಗೂ ಬೇರೆ. ಹಳೇ ಪಿನ್ ತೆಗೆದ ಮೇಲೆ ಬಟ್ಟೆ ಚೆನ್ನಾಗಿದ್ರೆ ತೂತನ್ನ ಒಂದು ಚೂರು ಸವರಿ ಹಳೇದಕ್ಕಿಂತ ಅರ್ಧ ನಂಬರ್ ಹೆಚ್ಚು ದಪ್ಪದ ಪಿನ್ ಹಾಕ್ತಾರೆ, ಅರ್ಧ ನಂಬರ್ ಅಂದ್ರೆ 0.025 ಮಿಲಿಮೀಟರ್, ಇಷ್ಟರಲ್ಲೇ ಬಿಗಿ ಸಡಿಲ ಎಲ್ಲ ಇರೋದು. ಬಟ್ಟೆಗೂ ಹಸಿರು ಇಳಿದಿದ್ರೆ ಬಟ್ಟೆಯೂ ಹೊಸದು. ಆಮೇಲೆ ಲಿವರನ್ನ ಅಡ್ಡಕ್ಕೆ ಹಿಡಿದ್ರೆ ಫ್ಲ್ಯಾಂಜ್ ತನ್ನ ಭಾರಕ್ಕೆ ತಾನೇ ನಿಧಾನ ಕೆಳಗೆ ಬರ್ಬೇಕು, ದೊಪ್ಪ ಬಿದ್ರೆ ಸಡಿಲ, ನಿಂತ್ರೆ ಬಿಗಿ.

ಒಂದು ಮುಖ್ಯ ವಿಷಯ, ಈ ಪಿನ್ ಕೆಲಸ ಮಳೆಗಾಲದಲ್ಲಿ ಮಾಡಿಸಬೇಡಿ. ಬಟ್ಟೆ ಉಬ್ಬಿದ್ದಾಗ ಅಳತೆ ನೋಡಿ ಸವರಿದ್ರೆ ಮಾರ್ಚಿಯಲ್ಲಿ ಒಣಗಿ ಡ್ಯಾಂಪರ್ ತಲೆ ಅತ್ಲಾಗೆ ಇತ್ಲಾಗೆ ಆಡ್ತದೆ, ತಂತಿಯ ನೆತ್ತಿಗೆ ಸರಿ ಕೂರದೆ ಬೇರೆ ಥರದ ಸದ್ದು ಶುರುವಾಗ್ತದೆ. ದೀಪಾವಳಿ ಕಳೆದು ಅಂಗಳದಲ್ಲಿ ಅಡಿಕೆ ಹರಗುವ ಹೊತ್ತಿಗೆ ಮಾಡಿಸಿ, ಅಷ್ಟರ ತನಕ ಸ್ಪಿರಿಟ್ ನೀರಿನಲ್ಲಿ ಸುಧಾರಿಸಿ.

ತೆಂಗಿನೆಣ್ಣೆಯ ವಿಷಯ. ಕೂಡದು. ಹೊಲಿಗೆ ಮಿಶನಿನ ಎಣ್ಣೆಯೂ ಕೂಡದು, ಸ್ಪ್ರೇ ಡಬ್ಬಿಯೂ ಕೂಡದು. ಎಣ್ಣೆ ಬಿಟ್ಟ ದಿನ ಕೀ ಹೂವಿನ ಹಾಗೆ ಓಡ್ತದೆ, ಅದಕ್ಕೇ ಜನ ನಂಬೋದು. ಆರು ತಿಂಗಳಲ್ಲಿ ಧೂಳು ಕುಡಿದು ಜಿಡ್ಡಾಗಿ ಮೊದಲಿಗಿಂತ ಹೆಚ್ಚು ಕಚ್ಚುತ್ತದೆ, ಮರಕ್ಕೆ ಇಳಿದ ಎಣ್ಣೆ ಹೋಗೋದಿಲ್ಲ, ಅದರ ಮೇಲೆ ಅಂಟು ಹಿಡಿಯೋದಿಲ್ಲ, ಪಿನ್ ನಿಲ್ಲೋದಿಲ್ಲ. ಬಿಗಿದ ಬಾಗಿಲಿನ ತಿರುಗಣೆಗೆ ಸರಿ, ಉಣ್ಣೆಬಟ್ಟೆಗೆ ಅಲ್ಲ.

ಪ್ರಶ್ನೆ: ನಮ್ಮ ಪಿಯಾನೋದ ಡ್ಯಾಂಪರ್ ಫೆಲ್ಟಿನಲ್ಲಿ ನಿಜವಾಗಿಯೂ ತೂತುಗಳು ಕಾಣ್ತವೆ, ಅಡಿಯಲ್ಲಿ ರವೆಯ ಹಾಗೆ ಪುಡಿ ಬಿದ್ದಿದೆ. ಪೇಟೆಯಲ್ಲಿ ಸಿಗುವ ಬಣ್ಣದ ಕ್ರಾಫ್ಟ್ ಫೆಲ್ಟ್ ಕತ್ತರಿಸಿ ಫೆವಿಕಾಲಿನಲ್ಲಿ ಅಂಟಿಸಬಹುದಾ?
(ಓದುಗರು, ಕುಂಬಳೆ)

ಉತ್ತರ: ಅದು ನುಸಿ ತಿಂದದ್ದು. ನುಸಿಯ ಹುಳಕ್ಕೆ ಉಣ್ಣೆ ಅಂದ್ರೆ ಊಟ, ರೇಷ್ಮೆ ಸೀರೆಗೆ ನಾವು ಹೆದರುವ ಹಾಗೆ ಪಿಯಾನೋಗೂ ಹೆದರ್ಬೇಕು, ಕತ್ತಲೆ ಮತ್ತು ಅಲುಗಾಡದ ಜಾಗ ಅದಕ್ಕೆ ಬೇಕಾದ್ದು, ದಿನಾ ನುಡಿಸುವ ಪಿಯಾನೋದಲ್ಲಿ ನಾನು ಕಂಡದ್ದು ಕಡ್ಮೆ. ಇಲ್ಲಿ ಫೆಲ್ಟ್ ಬದಲಿಸ್ಲೇಬೇಕು, ಆದ್ರೆ ಕ್ರಾಫ್ಟ್ ಫೆಲ್ಟ್ ಬೇಡ, ಹೆಚ್ಚಿನದು ಪಾಲಿಯೆಸ್ಟರ್, ಮೆತ್ತಗೆ ಕಂಡ್ರೂ ತಂತಿಗೆ ತಾಗುವಾಗ ಝಂಯ್ ಅಂತದೆ, ಹಿಡಿಯೋದಿಲ್ಲ. ಡ್ಯಾಂಪರಿಗಂತಲೇ ಮಾಡಿದ ಉಣ್ಣೆಯ ಪಟ್ಟಿ ಬರ್ತದೆ, ಅದೂ ಒಂದೇ ಆಕಾರ ಅಲ್ಲ. ಎಡಗಡೆಯ ಬೇಸ್ (ತಗ್ಗು ಸ್ವರದ) ಕಡೆ ಒಂದೇ ದಪ್ಪ ತಂತಿ ಇದ್ದಲ್ಲಿ ತಂತಿಯನ್ನ ಕವಚಿ ಹಿಡಿಯುವ ಹಾಗೆ ನಡುವೆ ಸೀಳು ಇರುವ ಫೆಲ್ಟ್, ಎರಡು ತಂತಿ ಇದ್ದಲ್ಲಿ ಎರಡರ ನಡುವೆ ಇಳಿಯುವ ಬೆಣೆಯಾಕಾರದ್ದು, ಮೂರು ತಂತಿಯ ಜಾಗಕ್ಕೆ ಹೆಚ್ಚಾಗಿ ಚಪ್ಪಟೆ. ನಿಮ್ಮದರಿಂದ ಒಂದೊಂದು ನಮೂನೆ ಕಿತ್ತು ಎತ್ತಿಡಿ, ದಪ್ಪ ಅಳೆದು ಬರೆದಿಡಿ, ಅದನ್ನ ತೋರಿಸಿ ತರಿಸಿ, ದಪ್ಪ ಬದ್ಲಾದ್ರೆ ಮುಂದೆ ಎಲ್ಲಾ ಸೆಟ್ಟಿಂಗ್ ತಪ್ಪುತ್ತದೆ.

ಅಂಟು ಕೂಡ ನೋಡಿ ಹಾಕ್ಬೇಕು. ಹಿಂದೆ ಆಚಾರಿಗಳು ಬಿಸಿ ಮಾಡಿ ಹಚ್ಚುತ್ತಿದ್ದ ಚರ್ಮದ ಅಂಟೇ ಪಿಯಾನೋದವರೂ ಹಾಕಿದ್ದು, ಅದರ ಗುಣ ಅಂದ್ರೆ ಬಿಸಿ ಮತ್ತು ತೇವ ಕೊಟ್ರೆ ಬಿಡ್ತದೆ, 50 ವರ್ಷ ಬಿಟ್ಟು ಬರುವ ಇನ್ನೊಬ್ಬ ಮರ ಒಡೆಯದೆ ತೆಗೀಬಹುದು. ಫೆವಿಕಾಲ್ ಹಾಕಿದ್ರೆ ಫೆಲ್ಟಿನ ಒಳಗೆ ಏರಿ ಗಟ್ಟಿಯಾಗುವ ಭಯ, ಸೂಪರ್ ಗ್ಲೂ ಅಂತೂ ಫೆಲ್ಟನ್ನ ಕಲ್ಲು ಮಾಡ್ತದೆ. ಯಾವುದೇ ಅಂಟಾದ್ರೂ ತೆಳ್ಳಗೆ, ಮರದ ಬದಿಗೆ ಮಾತ್ರ. ಮತ್ತೆ ಹೊಸ ಫೆಲ್ಟ್ ಹಾಕೋ ಮೊದ್ಲು ಒಳಗೆಲ್ಲ ವ್ಯಾಕ್ಯೂಮ್ ಹೊಡೆದು ಹುಳದ ಪೊರೆ ಒಂದೂ ಉಳಿಯದ ಹಾಗೆ ಮಾಡಿ, ಇಲ್ಲದಿದ್ರೆ ನೀವು ಅದಕ್ಕೆ ಹೊಸ ಊಟ ಬಡಿಸಿದ ಹಾಗೆ. ನುಸಿಗುಳಿಗೆಯನ್ನ ಬಟ್ಟೆಯಲ್ಲಿ ಕಟ್ಟಿ ಕೆಳಗಿನ ಪೆಟ್ಟಿಗೆಯಲ್ಲಿ ತೂಗುಹಾಕಬಹುದು, ಮರಕ್ಕೆ ತಾಗದ ಹಾಗೆ, ಮನೆಯಲ್ಲಿ ಸಣ್ಣ ಮಕ್ಕಳಿದ್ರೆ ಅದೂ ಬೇಡ.

ಹೊಸ ಫೆಲ್ಟ್ ಬಂದ ಮೇಲೆ ಸೆಟ್ಟಿಂಗ್ ಅಂತ ಒಂದು ಹಂತ ಉಂಟು, ಅದನ್ನ ಬಿಟ್ಟು ಹೋಗುವವರೇ ಹೆಚ್ಚು. ಕೀಯನ್ನ ತುಂಬಾ ನಿಧಾನ ಒತ್ತಿ, ಸುತ್ತಿಗೆ ತಂತಿಯ ಕಡೆ ಅರ್ಧ ದಾರಿ ಹೋದಾಗ ಡ್ಯಾಂಪರ್ ಅಲುಗಲಿಕ್ಕೆ ಶುರುವಾಗ್ಬೇಕು. ಮೊದ್ಲೇ ಎದ್ರೆ ಕೀ ಬೆರಳಿಗೆ ಭಾರ ಅನ್ನಿಸ್ತದೆ, ತಡವಾದ್ರೆ ನಾದ ಉಸಿರು ಕಟ್ಟಿದ ಹಾಗೆ. ಸ್ಪೂನನ್ನ ಚೂರು ಬಗ್ಗಿಸಿ ಇದನ್ನ ಸರಿ ಮಾಡೋದು. ಆಮೇಲೆ ಪೆಡಲನ್ನ ಇಷ್ಟಿಷ್ಟೇ ಒತ್ತುತ್ತಾ ಟಾರ್ಚ್ ಬೆಳಕಲ್ಲಿ ನೋಡಿ, ಅಷ್ಟೂ ತಲೆ ಒಂದೇ ಗೆರೆಯಲ್ಲಿ ಒಟ್ಟಿಗೆ ಏಳ್ಬೇಕು, ಒಂದೆರಡು ಹಿಂದೆ ಬಿದ್ರೆ ಆ ತಲೆಗಳನ್ನ ಹಿಡಿದಿರುವ ಸಣ್ಣ ತಂತಿ (ನಾದದ ತಂತಿ ಅಲ್ಲ) ಬಗ್ಗಿಸ್ಲಿಕ್ಕೆ ಉಂಟು. ಎಲ್ಲವೂ ಒಟ್ಟಿಗೆ ಎದ್ದು ಒಟ್ಟಿಗೆ ಕೂರುವಾಗ ಮೆತ್ತಗೆ ಒಂದು ಸದ್ದು ಬರ್ತದೆ, ಉಸಿರು ಬಿಟ್ಟ ಹಾಗೆ, ಅದು ಕೇಳಿದ್ರೆ ನನಗೆ ಆ ದಿನದ ಕೆಲಸ ಆಯ್ತು ಅಂತ ಸಮಾಧಾನ.

ಪ್ರಶ್ನೆ: ನಮ್ಮ ಪಿಯಾನೋದಲ್ಲಿ ಬಲಗಡೆಯ ಕೊನೆಯ ಇಪ್ಪತ್ತು ಕೀಗಳಿಗೆ ಡ್ಯಾಂಪರೇ ಇಲ್ಲ. ಹಿಂದಿನವರು ಕಿತ್ತು ತೆಗೆದ್ರಾ?
(ಓದುಗರು, ಉಪ್ಪಳ)

ಉತ್ತರ: ಇಲ್ಲ, ಕಟ್ಟುವಾಗ್ಲೇ ಹಾಗೆ. ಮೇಲಿನ ತಂತಿಗಳು ಗಿಡ್ಡ, ಅವುಗಳ ನಾದ ತಾನಾಗಿಯೇ ಕ್ಷಣದಲ್ಲಿ ಅಡಗ್ತದೆ, ಡ್ಯಾಂಪರ್ ಬೇಕಾಗೋದಿಲ್ಲ. 88 ಕೀಯಲ್ಲಿ ಸುಮಾರು 65ರಿಂದ 70ರ ತನಕ ಡ್ಯಾಂಪರ್ ಇರೋದು ಮಾಮೂಲು. ನಿಮ್ಮದು ಸರಿಯಾಗೇ ಉಂಟು.

ಪ್ರಶ್ನೆ: ಸೆಕೆಂಡ್‌ಹ್ಯಾಂಡಿನಲ್ಲಿ ಒಂದು ಇಂಗ್ಲಿಷ್ ಪಿಯಾನೋ ನೋಡಿದ್ದೇವೆ, ತುಂಬಾ ಚಂದ ಉಂಟು, ಒಳಗೆ ತೆರೆದ್ರೆ ಸುತ್ತಿಗೆಗಳ ಎದುರು ಸಾಲಾಗಿ ತಂತಿಗಳು, ಹಕ್ಕಿಯ ಪಂಜರದ ಹಾಗೆ. ಬೇಸ್ ನೋಟ್ ಬಿಟ್ಟ ಮೇಲೂ ಸ್ವಲ್ಪ ಗುಂಗು ಉಳೀತದೆ. ರಿಪೇರಿ ಆಗ್ತದಾ, ತಗೊಳ್ಬಹುದಾ?
(ಓದುಗರು, ಮಂಜೇಶ್ವರ)

ಉತ್ತರ: ಅದಕ್ಕೆ ಬರ್ಡ್‌ಕೇಜ್ ಅಂತಲೇ ಹೆಸರು. ಇದರಲ್ಲಿ ಡ್ಯಾಂಪರ್ ಇರೋದು ಸುತ್ತಿಗೆಯ ಮೇಲ್ಗಡೆ, ಕೆಳಗಿನಿಂದ ಎದ್ದು ಬರುವ ಆ ತಂತಿಗಳೇ ಅದನ್ನ ಎತ್ತೋದು, ಇಂಗ್ಲೆಂಡಿನಲ್ಲಿ 20ನೇ ಶತಮಾನದ ಶುರುವಿನ ತನಕವೂ ಇಂಥವನ್ನ ತುಂಬಾ ಕಟ್ಟಿದ್ರು. ಮೇಲ್ಗಡೆ ಅಂದ್ರೆ ನಾದ ಕೊಡುವ ತಂತಿಯ ತುದಿಯ ಹತ್ರ, ಅಲ್ಲಿ ತಂತಿ ಆಡೋದೇ ಕಡ್ಮೆ, ಹಾಗಾಗಿ ಅಲ್ಲಿ ಒತ್ತಿ ಹಿಡಿದ್ರೂ ನಡುವೆ ಒತ್ತಿದಷ್ಟು ಬೇಗ ನಾದ ನಿಲ್ಲೋದಿಲ್ಲ. ಹೊಸ ಫೆಲ್ಟ್ ಹಾಕಿದ್ರೂ ಆ ಗುಂಗು ಪೂರ್ತಿ ಹೋಗೋದಿಲ್ಲ, ರಿಪೇರಿ ಮಾಡುವವರು ಹೋಗ್ತದೆ ಅಂದ್ರೆ ನಂಬಬೇಡಿ. ಒಂದು ಸುತ್ತಿಗೆ ಮುಟ್ಟಬೇಕಾದ್ರೂ ಮೊದ್ಲು ಪಂಜರ ಬಿಚ್ಚಬೇಕು, ಅದಕ್ಕೇ ಕೂಲಿ ಹೆಚ್ಚು ಬೀಳ್ತದೆ. ಕಲಿಯುವ ಮಗುವಿಗಂತ ಆದ್ರೆ ನಾನು ಬೇಡ ಅಂತೇನೆ. ನೋಡ್ಲಿಕ್ಕೆ, ಹಬ್ಬಕ್ಕೆ ನಾಲ್ಕು ಹಾಡು ನುಡಿಸ್ಲಿಕ್ಕೆ ಅಂತ ಆದ್ರೆ, ಟ್ಯೂನಿಂಗ್ ಪಿನ್ನುಗಳು (ತಂತಿಯನ್ನ ಸುತ್ತಿ ಬಿಗಿ ಹಿಡಿಯುವ ಮೊಳೆಗಳು) ಬಿಗಿ ಇವೆಯಾ ಅಂತ ಒಬ್ಬ ಟ್ಯೂನರಿಗೆ ತೋರಿಸಿ ತಗೊಳ್ಳಿ.

ಪ್ರಶ್ನೆ: ಮಳೆಗಾಲದಲ್ಲಿ ಪಿಯಾನೋದ ಒಳಗೆ ಬಲ್ಬ್ ಉರಿಸಿ ಇಡೋದು ಸರಿಯಾ? ಎಲ್‌ಇಡಿ ಹಾಕಿದ್ದೇವೆ, ವ್ಯತ್ಯಾಸ ಕಾಣ್ಲಿಲ್ಲ.
(ಓದುಗರು, ಮುಳ್ಳೇರಿಯ)

ಉತ್ತರ: ಎಲ್‌ಇಡಿಯಲ್ಲಿ ಬಿಸಿ ಇಲ್ಲದ ಹಾಗೇ, ಅದಕ್ಕೇ ವ್ಯತ್ಯಾಸ ಇಲ್ಲ. ಹಿಂದಿನಿಂದ್ಲೂ ಕರಾವಳಿಯಲ್ಲಿ 25 ವ್ಯಾಟಿನ ಹಳೇ ನಮೂನೆ ಬಲ್ಬನ್ನ ಕೆಳಗಿನ ಪೆಟ್ಟಿಗೆಯಲ್ಲಿ ಹಾಕಿ ಇಡ್ತಾ ಬಂದಿದ್ದಾರೆ, ಕೆಲಸ ಮಾಡ್ತದೆ, ಆದ್ರೆ ಮರಕ್ಕೂ ಫೆಲ್ಟಿಗೂ ಸೌಂಡ್‌ಬೋರ್ಡಿಗೂ (ತಂತಿಗಳ ಹಿಂದಿರುವ, ನಾದ ದೊಡ್ಡದು ಮಾಡುವ ಹಲಗೆ) ತಾಗದ ಹಾಗೆ ಸುತ್ತ ಜಾಗ ಬೇಕು, ಗಟ್ಟಿ ಹೋಲ್ಡರ್ ಬೇಕು, ಮನೆ ಬಿಟ್ಟು ಹೋಗುವಾಗ ಆಫ್ ಮಾಡ್ಬೇಕು. ಪಿಯಾನೋಗಂತಲೇ ಮಾಡಿದ, ತೇವ ನೋಡಿ ತಾನೇ ಆನ್ ಆಫ್ ಆಗುವ ಹೀಟರ್ ಸರಳು ಸಿಕ್ಕಿದ್ರೆ ಅದು ಎಲ್ಲಕ್ಕಿಂತ ಒಳ್ಳೇದು. ಗಾಳಿಯ ತೇವ 40ರಿಂದ 60 ಶೇಕಡಾ ಒಳಗಿದ್ರೆ ಪಿಯಾನೋ ಸುಖವಾಗಿರ್ತದೆ, ಮಳೆಗಾಲದಲ್ಲಿ ನಮ್ಮಲ್ಲಿ 80 ದಾಟೋದು ದಿನಾ ಇದ್ದದ್ದೇ. ಇನ್ನು, ನಿಮ್ಮದು ಕೆಂಪುಕಲ್ಲಿನ ಮನೆಯಾದ್ರೆ ಮಳೆ ಬಡಿಯುವ ಹೊರಗೋಡೆಗೆ ಪಿಯಾನೋದ ಬೆನ್ನು ತಾಗಿಸಿ ಇಡಬೇಡಿ, ಒಳಗೋಡೆಯ ಕಡೆಗೆ ಸರಿಸಿ ಒಂದು ಗೇಣು ಜಾಗ ಬಿಡಿ. ಸರಿಸುವಾಗ ನಾಲ್ಕು ಜನ ಇರ್ಲಿ, ಒಳಗೆ ಕಬ್ಬಿಣದ ದೊಡ್ಡ ಚೌಕಟ್ಟು ಉಂಟು.